ಕಾಲಿಗೆ ಎಣ್ಣೆ

ಹೋದ ವರ್ಷ ಶ್ರೀಶೈಲಕ್ಕೆ ನಡೆದು ಹೊರಟ ನನ್ನ ಹೆಂಡತಿ ಭಾಗಮ್ಮ ದಾರಿಯಲ್ಲೇ ತೀರಿಕೊಂಡಳು. ಅದಕ್ಕೇ ಈ ವರ್ಷ ದೋರನಹಳ್ಳಿ ರಸ್ತೆಯಲ್ಲಿ ಪಾದಯಾತ್ರಿಗಳಿಗೆಂದು ಊರವರೆಲ್ಲ ಸೇರಿ ಪೆಂಡಾಲು ಹಾಕಿದೆವು. ಅವರ ಕಾಲಿಗೆ ಎಣ್ಣೆ ತಿಕ್ಕುವ ಸೇವೆ ನನ್ನದು. ಮುಖ ನೋಡಲು ಪುರುಸೊತ್ತಿರಲಿಲ್ಲ.

ಮಧ್ಯಾಹ್ನದ ಉರಿಬಿಸಿಲಲ್ಲಿ ನನ್ನ ಮುಂದೆ ಬಂದ ಎರಡು ಕಾಲುಗಳಲ್ಲಿ ಧೂಳೇ ಇರಲಿಲ್ಲ. ನೀರಿನ ಕೊಡದ ತಳದಂತೆ ತಣ್ಣಗಿದ್ದವು, ಎಷ್ಟು ತಿಕ್ಕಿದರೂ ಬೆಚ್ಚಗಾಗಲಿಲ್ಲ. ಎಡಪಾದದ ಮೇಲೆ ರೊಟ್ಟಿ ಹಂಚು ಬಿದ್ದು ಸುಟ್ಟ ಕಲೆಯಿತ್ತು. ಆ ಗಾಯಕ್ಕೆ ಮುಲಾಮು ಹಚ್ಚಿದವನು ನಾನೇ.

"ಸಾಕ್ ಬಿಡ್ರಿ, ನಿಮ್ಮ ಕೈ ನೋಯ್ತಾವ. ನಾ ಮನಿಗಿ ಹೋಗ್ತೀನಿ."

ತಲೆಯೆತ್ತಿದೆ. ಕುರ್ಚಿ ಖಾಲಿಯಿತ್ತು.

ಸಂಜೆ ಮನೆಗೆ ಬಂದಾಗ ಅಂಗಳದ ಕಲ್ಲುಹಾಸಿನ ಮೇಲೆ ಎಣ್ಣೆಯ ಹೆಜ್ಜೆಗಳು ಹೊಸ್ತಿಲವರೆಗೆ ಬಂದು ನಿಂತಿದ್ದವು. ತಿರುಗಿ ಹೋದ ಗುರುತಿರಲಿಲ್ಲ.

ಬೆಳಿಗ್ಗೆ ನಾನು ಬಾಗಿಲಿಗೆ ಬೀಗ ಹಾಕಿ ಹೋಗಿದ್ದೆ.