ಎರವಲು ದನಿ

ಆ ಬೆಳಿಗ್ಗೆ ಚಿನ್ಮಯಿಯ ಸೊಂಟದಲ್ಲಿ ನಾಲ್ಕು ನುಡಿದಾರಗಳಿದ್ದವು. ಒಂದು ಅವಳದು, ಉಳಿದವು ಓಣಿಯ ಬೇರೆ ಮಕ್ಕಳವು. ಮೂರು ದಾಟಿ ನಾಲ್ಕರ ಕಡೆಗೆ ನಡೆದಿದ್ದ ಆ ಹುಡುಗಿ ಅಜ್ಜಿ ಕಸ್ತೂರವ್ವನ ರೊಟ್ಟಿ ಹಂಚಿನ ಪಕ್ಕ ಕುಳಿತು ಬೆಕ್ಕಿಗೆ ಬೈಯುತ್ತಿದ್ದಳು.

"ಹಾಲು ಕುಡದಿ, ಮಾರಿ ತೊಳಕೊಂಡಿಲ್ಲ. ನಿಮ್ಮವ್ವ ಎಲ್ಲಿ ಹೋಗ್ಯಾಳ? ಬಜಾರಕ್ಕ ಹೋಗ್ಯಾಳ? ನಿನ್ನ ಬಿಟ್ಟು ಹೋಗ್ಯಾಳ?"

ಒಂದೊಂದು ಮಾತಿಗೂ ನಾಲ್ಕು ದಾರಗಳ ಮಣಿಗಳು ಒಟ್ಟಿಗೇ ಹಸಿರಾಗಿ ಮಿನುಗಿ ಆರುತ್ತಿದ್ದವು.

ನಾಲ್ಕನೆಯ ದಾರವನ್ನು ಕಟ್ಟಿದವಳು ಬನಶಂಕರಿ. ಗಂಟು ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡಿದಳು, ಮಗುವಿನ ಹೊಟ್ಟೆ ಸವರಿದಳು, ಆಮೇಲೆ ಮತ್ತೊಮ್ಮೆ ಬೆರಳು ತೂರಿಸಿ ನೋಡಿದಳು.

"ಬಿಡs, ಹರಿಯೂದಿಲ್ಲ ಅದು" ಎಂದಳು ಕಸ್ತೂರವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಸಂಜೀಕ ಬಂದು ಬಿಚ್ಚಿಕೊಂಡು ಹೋಗು. ನಿನ್ನ ಮಗ ಇವತ್ತ ಬೆಕ್ಕಿನ ಕೂಡ ಜಗಳಾಡಿದಾ ಅಂತ ಸರಕಾರದಾಗ ಬರಕೋತಾರ."

ನುಡಿದಾರವನ್ನು ತಂದದ್ದು ಒಳ್ಳೆಯ ಉದ್ದೇಶಕ್ಕೇ. ಮಾತು ತಡವಾಗುವ, ಬುದ್ಧಿ ನಿಧಾನಗತಿಯಲ್ಲಿ ಬೆಳೆಯುವ, ಕಿವಿ ಮಂದವಾಗಿರುವ ಮಕ್ಕಳನ್ನು ಶಾಲೆಯ ವಯಸ್ಸಿನವರೆಗೆ ಯಾರೂ ಗುರುತಿಸದೆ ಬಿಡುತ್ತಿದ್ದ ಕಾಲವೊಂದಿತ್ತು. ಅದನ್ನು ತಪ್ಪಿಸಲು, ತೊಟ್ಟಿಲಿಗೆ ಹಾಕುವ ದಿನ ಕಟ್ಟುವ ಉಡಿದಾರದಲ್ಲೇ ಕಡಲೆಯಷ್ಟು ದೊಡ್ಡ ಮಣಿಯೊಂದನ್ನು ಪೋಣಿಸಿದರು. ಮಣಿ ಮಗುವಿನ ಮೈಯ ಬಿಸಿಯಿಂದಲೇ ನಡೆಯುತ್ತದೆ. ಅದರ ಅಳು, ತೊದಲು, ನಗು, ಕರೆದಾಗ ಓಗೊಡುವ ರೀತಿ ಎಲ್ಲವನ್ನೂ ಆಲಿಸಿ, ಅದೇ ವಯಸ್ಸಿನ ಲಕ್ಷಾಂತರ ಮಕ್ಕಳ ಜೊತೆ ಹೋಲಿಸುತ್ತದೆ. ಸರಿಯಿದ್ದರೆ ಹಸಿರು, ಸಂಶಯವಿದ್ದರೆ ಹಳದಿ. ಕೆಂಪಾದರೆ ಚಿಕಿತ್ಸೆ ಮನೆ ಬಾಗಿಲಿಗೇ ಬರುತ್ತದೆ.

ಬೇರೆ ಊರುಗಳಲ್ಲಿ ಹಾಗೆಯೇ ಬಂತು. ಬನಹಟ್ಟಿಯ ಈ ಮಗ್ಗದ ಓಣಿಯಲ್ಲಿ ಮಾತ್ರ ಬೇರೆಯಾಯಿತು. ಇಲ್ಲಿ ಮನೆಮನೆಯಲ್ಲೂ ವಿದ್ಯುತ್ ಮಗ್ಗಗಳು ಹಗಲೆಲ್ಲ ಬಡಿಯುತ್ತಿದ್ದವು. ಆ ಸದ್ದಿನಲ್ಲಿ ಬಾಯಿ ಮಾತು ಒಂದು ಮಾರು ದೂರವೂ ಹೋಗುವುದಿಲ್ಲ. ಅಜ್ಜ ಮುತ್ತಜ್ಜರ ಕಾಲದಿಂದಲೂ ಇಲ್ಲಿಯವರು ದನಿ ತೆಗೆಯದೆ ತುಟಿಯಲ್ಲಿ, ಹುಬ್ಬಿನಲ್ಲಿ, ಬೆರಳಿನಲ್ಲಿ ಮಾತನಾಡಿಕೊಂಡವರು. ಎಳೆ ಹರಿದದ್ದು, ಚಹಾ ಆದದ್ದು, ಅತ್ತೆಗೆ ಸಿಟ್ಟು ಬಂದದ್ದು, ಎಲ್ಲಕ್ಕೂ ಒಂದೊಂದು ಕೈಸನ್ನೆ. ಮಣಿಗೆ ಅದು ಯಾವುದೂ ಕೇಳಿಸಲಿಲ್ಲ. ಮೊದಲ ವರ್ಷವೇ ಓಣಿಯ ಅರ್ಧ ಮಕ್ಕಳು ಕೆಂಪಾದರು.

ಕಸ್ತೂರವ್ವನ ಹಿರಿಯ ಮೊಮ್ಮಗ ವಿರೂಪಾಕ್ಷ ಅವರಲ್ಲೊಬ್ಬ. ಅವನಲ್ಲಿ ಯಾವ ಕೊರತೆಯೂ ಇರಲಿಲ್ಲ. ತಪ್ಪು ಗದ್ದಲದ್ದು ಎಂದು ಆಮೇಲೆ ಒಪ್ಪಿಕೊಂಡರು, ಗದ್ದಲವನ್ನು ಸೋಸಿ ಮಾತನ್ನಷ್ಟೇ ಹಿಡಿಯುವ ಹೊಸ ಜರಡಿಯನ್ನು ಮಣಿಗೆ ಹಾಕಿದರು. ಆದರೆ ಕಡತಕ್ಕೆ ಒಮ್ಮೆ ಹತ್ತಿದ ಕೆಂಪನ್ನು ಅಳಿಸುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಹುಡುಗನನ್ನು ಶಾಲೆಯಲ್ಲಿ ಬೇರೆ ಕೋಣೆಯಲ್ಲಿ ಕೂರಿಸಿದರು, ಬೇರೆ ಪುಸ್ತಕ ಕೊಟ್ಟರು, ಅವನೊಂದಿಗೆ ನಿಧಾನವಾಗಿ, ಗಟ್ಟಿಯಾಗಿ, ದಡ್ಡರೊಂದಿಗೆ ಆಡುವ ಹಾಗೆ ಮಾತನಾಡಿದರು. ಈಗ ಅವನು ನಿಜಕ್ಕೂ ನಿಧಾನವಾಗಿಯೇ ಮಾತನಾಡುತ್ತಾನೆ. ಅದಾದ ಮೇಲೆ ಕಸ್ತೂರವ್ವ ತನ್ನ ಮಗ್ಗಗಳನ್ನು ಮಾರಿ, ಖಾನಾವಳಿಗಳಿಗೆ ರೊಟ್ಟಿ ಬಡಿಯುವ ಕೆಲಸ ಹಿಡಿದಳು. ಓಣಿಯಲ್ಲಿ ಸದ್ದಿಲ್ಲದ ಮನೆ ಅದೊಂದೇ. ಅಲ್ಲಿ ಬೆಳೆದ ಚಿನ್ಮಯಿ ಹೊತ್ತು ಹುಟ್ಟಿದಾಗ ಬಾಯಿ ತೆರೆದರೆ ಮಲಗುವತನಕ ಮುಚ್ಚುತ್ತಿರಲಿಲ್ಲ.

ದಾರ ಬದಲಿಸುವ ಉಪಾಯ ಯಾರಿಗೆ ಹೊಳೆಯಿತೋ. ಅದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಚೆನ್ನಾಗಿ ಬೆಳೆದ ಕೂಸಿನ ಹಳೆಯ ಅಂಗಿಯನ್ನು ಕೇಳಿ ತಂದು ಹಸುಗೂಸಿಗೆ ತೊಡಿಸುವುದು ಇಲ್ಲಿಯ ಪದ್ಧತಿ. ಆ ಕೂಸಿನ ಆಯುಷ್ಯ, ಅದೃಷ್ಟ ಇದಕ್ಕೂ ತಾಗಲಿ ಎಂದು. ಅಂಗಿಯ ಬದಲು ಇದು ದಾರ, ಅಷ್ಟೇ. ದಿಕ್ಕು ಮಾತ್ರ ತಿರುಗಿತ್ತು: ಇಲ್ಲಿ ತಮ್ಮ ಕೂಸಿನ ದಾರವನ್ನೇ ಒಯ್ದು ಮಾತುಗಾರ ಕೂಸಿಗೆ ಕಟ್ಟುತ್ತಿದ್ದರು.

ಬನಶಂಕರಿಯ ಮಗ ಪ್ರಭುವಿನ ಮಣಿ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಹಳದಿಯಾಗಿತ್ತು. ಅವಳು ಅದನ್ನು ಗಂಡನಿಗೂ ಹೇಳದೆ ಕಸ್ತೂರವ್ವನ ಬಾಗಿಲಿಗೆ ಓಡಿದ್ದಳು. ಅಂದಿನಿಂದ ಮಣಿ ಹಸಿರಾಗಿಯೇ ಇತ್ತು, ಮನೆಯಲ್ಲಿ ಪ್ರಭುವೂ ಚುರುಕಾಗಿಯೇ ಇದ್ದ. ತುಟಿ ಅಲುಗಿದರೆ ಸಾಕು, ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಎಳೆ ಹರಿದರೆ ಅಪ್ಪನಿಗಿಂತ ಮೊದಲು ಕಂಡು ಬೆರಳೆತ್ತಿ ತೋರಿಸುತ್ತಿದ್ದ. ಪಟಾಕಿಗೆ ಬೆಚ್ಚುತ್ತಿರಲಿಲ್ಲ. "ಮಗ್ಗದ ಮನಿ ಹುಲಿ" ಎಂದು ಮಂದಿ ಮೆಚ್ಚಿದಾಗ ಬನಶಂಕರಿಯೂ ನಗುತ್ತಿದ್ದಳು. ಆದರೆ ನಿದ್ದೆಯಲ್ಲಿದ್ದ ಮಗನನ್ನು ತಾನು ಎಂದೂ ಹೆಸರು ಹಿಡಿದು ಎಬ್ಬಿಸುವುದಿಲ್ಲ, ಯಾವಾಗಲೂ ಮೈ ಮುಟ್ಟಿಯೇ ಎಬ್ಬಿಸುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಒಂದು ಸಲ ಕೂಗಿ ನೋಡೋಣ ಎಂದುಕೊಂಡ ದಿನಗಳೂ ಇದ್ದವು. ಕೂಗಿರಲಿಲ್ಲ.

ಡಾಕ್ಟರ್ ಅನಸೂಯಾ ಕುಲಗೋಡ ಓಣಿಗೆ ಬಂದದ್ದು ಸಂತೋಷದಿಂದಲೇ. ಮಣಿಯ ಹೊಸ ಜರಡಿಯನ್ನು ರೂಪಿಸಿದವರು ಅವರು. ಇಡೀ ಜಿಲ್ಲೆಯಲ್ಲಿ ಅತ್ಯಂತ ಮಾತುಗಾರ ಮಕ್ಕಳು ಈ ಗದ್ದಲದ ಓಣಿಯಲ್ಲಿದ್ದಾರೆ ಎಂದು ಯಂತ್ರ ಹೇಳಿತ್ತು. ತಮ್ಮ ಜರಡಿ ಗೆದ್ದಿದೆ ಎಂದು ಅವರು ನಂಬಿದ್ದರು. ಮಗ್ಗಗಳಿಗೆ ರಜೆಯಿದ್ದ ಅಮಾವಾಸ್ಯೆಯ ದಿನ, ಕೈಚೀಲದಲ್ಲಿ ಮಕ್ಕಳಿಗೆ ಪೇಪರಮಿಂಟು ಹಾಕಿಕೊಂಡು ಬನಶಂಕರಿಯ ಮನೆಗೆ ಬಂದರು.

"ಎಲ್ಲಿ ನಿಮ್ಮ ವಾಗ್ಮಿ?" ಎಂದು ಕೇಳಿದರು. "ನಿನ್ನೆ ಇಡೀ ದಿನ ಬೆಕ್ಕಿಗೆ ಉಪದೇಶ ಮಾಡಿದ್ದಾನೆ. ನಾನು ಕೇಳಿ ಕೇಳಿ ನಕ್ಕೆ."

ಪ್ರಭು ಅವರಿಗೆ ಬೆನ್ನು ಮಾಡಿ, ನೂಲು ಸುತ್ತುವ ಖಾಲಿ ಕಂಡಿಕೆಗಳನ್ನು ಗೋಪುರದ ಹಾಗೆ ಪೇರಿಸುತ್ತಿದ್ದ.

"ಪ್ರಭು" ಎಂದರು ಡಾಕ್ಟರ್.

ಅವನು ಇನ್ನೊಂದು ಕಂಡಿಕೆ ಇಟ್ಟ.

"ಪ್ರಭೂ, ಪೇಪರಮಿಂಟ್ ಬೇಕಾ?"

ಸದ್ದಿಲ್ಲದ ಮನೆಯಲ್ಲಿ ಆ ದನಿ ಬನಶಂಕರಿಗೆ ವಿಪರೀತ ಗಟ್ಟಿಯಾಗಿ ಕೇಳಿಸಿತು. ಡಾಕ್ಟರ್ ಅವಳ ಮುಖ ನೋಡಿದರು. ಆಮೇಲೆ ನೀರಿನ ತಂಬಿಗೆಯ ಮೇಲಿದ್ದ ಸ್ಟೀಲು ತಟ್ಟೆಯನ್ನು ಎತ್ತಿ ಕಲ್ಲುಹಾಸಿನ ಮೇಲೆ ಬಿಟ್ಟರು. ಅಡುಗೆಮನೆಯಿಂದ ಅತ್ತೆ "ಏನ ಬಿತ್ತ?" ಎಂದು ಕೂಗಿದಳು. ಪ್ರಭು ತಿರುಗಲಿಲ್ಲ.

"ನಮ್ಮ ಕೂಸಿಗೆ ಎಲ್ಲಾ ತಿಳಿತೈತ್ರಿ" ಎಂದಳು ಬನಶಂಕರಿ. "ಎದರಿಗೆ ನಿಂತು ಹೇಳ್ರಿ. ಹಿಂದಿನಿಂದ ಹೇಳಿದ್ರ ಹೆಂಗ ತಿಳಿಬೇಕ್ರಿ ಅವಂಗ?"

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವಳಿಗೇ ಅರ್ಥವಾಯಿತು. ಕಂಬ ಹಿಡಿದು ಕುಳಿತಳು.

ಡಾಕ್ಟರ್ ತಮ್ಮ ಕೈಯಲ್ಲಿದ್ದ ಫಲಕದಿಂದ ಹಿಂದಿನ ದಿನದ ದನಿಯನ್ನು ಹೊರಡಿಸಿದರು. *ನಿಮ್ಮವ್ವ ಎಲ್ಲಿ ಹೋಗ್ಯಾಳ? ನಿನ್ನ ಬಿಟ್ಟು ಹೋಗ್ಯಾಳ?* ಮುಗಿದ ಮೇಲೆ ಫಲಕವನ್ನು ಕವುಚಿ ಇಟ್ಟರು.

"ಇದು ಯಾರ ಮಗು?"

ಬನಶಂಕರಿ ತಲೆ ಅಲ್ಲಾಡಿಸಿದಳು.

"ಆಯ್ತು, ಹೆಸರು ಬೇಡ. ಇಲ್ಲಿ ಕೇಳಿ ತಾಯಿ. ನಿಮ್ಮ ಮಗನಿಗೆ ಬುದ್ಧಿಯ ಕೊರತೆಯಿಲ್ಲ. ಕಿವಿಯ ಒಳಗೆ, ಸದ್ದನ್ನು ಹಿಡಿಯುವ ಕೂದಲಿನಂಥ ಎಳೆಗಳು ಇರಬೇಕು. ಅವು ಹುಟ್ಟಿನಿಂದಲೇ ಇವನಿಗೆ ಇಲ್ಲ ಅಂತ ಕಾಣುತ್ತೆ. ಆ ಜಾಗಕ್ಕೆ ಈಗ ನಾವು ಕಿವಿಬೀಜ ಅಂತ ನೆಡುತ್ತೇವೆ. ಅದು ಸದ್ದನ್ನು ನೇರವಾಗಿ ಮಿದುಳಿಗೆ ಮುಟ್ಟಿಸುತ್ತೆ."

"ನೆಡ್ರಿ ಮತ್ತ. ಇವತ್ತ ನೆಡ್ರಿ."

"ಬೇಗ ನೆಡಬೇಕು, ನಿಜ. ಮಿದುಳು ಸದ್ದಿಗೆ ಅಂತ ಇಟ್ಟ ಜಾಗವನ್ನು ಬಹಳ ಕಾಲ ಖಾಲಿ ಬಿಡೋದಿಲ್ಲ, ಬೇರೆಯವರಿಗೆ ಬಾಡಿಗೆಗೆ ಕೊಟ್ಟುಬಿಡುತ್ತೆ. ಒಂದು ವರ್ಷದವನಿದ್ದಾಗ ಗೊತ್ತಾಗಿದ್ದರೆ..." ಅವರು ಪ್ರಭುವಿನ ಕಡೆ ನೋಡಿದರು. "ಈಗ ತೊಡಕು ಏನು ಅಂದರೆ, ಕಡತದ ಪ್ರಕಾರ ಇವನಿಗೆ ಕಿವಿ ಕೇಳುತ್ತೆ. ಜಿಲ್ಲೆಗೇ ಮೊದಲಿಗ. ಕೇಳುವ ಮಗುವಿನ ತಲೆಗೆ ಶಸ್ತ್ರ ಹಾಕೋದಕ್ಕೆ ಯಾವ ಆಸ್ಪತ್ರೆಯೂ ಒಪ್ಪೋದಿಲ್ಲ."

"ನೀವ ಹೇಳ್ರಿ ಕೇಳಂಗಿಲ್ಲ ಅಂತ."

"ನಾನು ಹೇಳಿದರೆ ಸಾಲದು. ತಾಯಿ ಹೆಬ್ಬೆಟ್ಟು ಒತ್ತಿ, ಇದು ನನ್ನ ಮಗನ ದನಿಯಲ್ಲ ಅನ್ನಬೇಕು. ಹಾಗೆ ಅಂದ ಕೂಡಲೇ ಯಂತ್ರ ಆ ದನಿಯನ್ನು ಬೇರೆ ಎಲ್ಲ ಮಕ್ಕಳ ಕಡತದಲ್ಲೂ ಹುಡುಕುತ್ತೆ. ಅದನ್ನು ತಡೆಯೋದು ನನ್ನ ಕೈಯಲ್ಲಿಲ್ಲ." ಅವರು ದನಿ ತಗ್ಗಿಸಿದರು. "ಎಷ್ಟು ಮಕ್ಕಳು?"

ಬನಶಂಕರಿ ಎದ್ದು, ಬಿದ್ದಿದ್ದ ತಟ್ಟೆಯನ್ನು ಎತ್ತಿ ತಂಬಿಗೆಯ ಮೇಲೆ ಇಟ್ಟಳು. ಅವರು ಹೋದ ಮೇಲೆ ಮಗನ ಹಿಂದೆ ಹೋಗಿ ನಿಂತು, ಇಷ್ಟು ದಿನ ಕೂಗದೆ ಉಳಿಸಿಕೊಂಡಿದ್ದ ಹೆಸರನ್ನು ಗಂಟಲು ಹರಿಯುವ ಹಾಗೆ ಕೂಗಿದಳು. ಅತ್ತೆ ಓಡಿ ಬಂದಳು. ಪ್ರಭು ಗೋಪುರದ ಮೇಲೆ ಕೊನೆಯ ಕಂಡಿಕೆ ಇಟ್ಟು, ಯಾರಾದರೂ ನೋಡಿದರೇ ಎಂದು ತಿರುಗಿ, ಅವ್ವ ಅಳುವುದನ್ನು ಕಂಡು ಬೆರಳು ಆಡಿಸಿ ಕೇಳಿದ: ಯಾರು ಬೈದರು?

ಕಸ್ತೂರವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

"ನಿನ್ನ ಒಂದು ಕೂಸಿನ ಸಲುವಾಗಿ ಓಣಿ ಕೂಸುಗಳನ್ನೆಲ್ಲಾ ಕೆಂಪ ಮಾಡ್ತೀಯೇನ?"

"ಅವಂಗ ಕೇಳಂಗಿಲ್ಲ ಯಕ್ಕಾ."

"ನಮ್ಮ ವಿರೂಪಾಕ್ಷಗ ಕೇಳತಿತ್ತು. ಏನಾತು? ನೀನs ನೋಡೀಯಲ್ಲ."

"ನೋಡೇನಿ. ಅದಕ್ಕs ಅಂಜಿ ನಿನ್ನ ಕಡೆ ಬಂದೆ. ಅಂಜಿದ್ದಕ್ಕs ಎರಡು ವರ್ಷ ಹೋದೂವು ನನ್ನ ಕೂಸಿಂದು."

"ರೊಕ್ಕ ಕೂಡಿಸೋಣ. ಎಲ್ಲಾರೂ ಕೊಡ್ತೀವಿ. ಹೊರಗ ಎಲ್ಲೆರ ಮಾಡಸು."

"ಎಲ್ಲೆ ಹೋದ್ರೂ ಮೊದಲ ಮಣಿ ನೋಡ್ತಾರ ಯಕ್ಕಾ."

ಕಸ್ತೂರವ್ವ ಕರಕಾದ ರೊಟ್ಟಿಯನ್ನು ಎತ್ತಿ ಒಲೆಗೇ ಹಾಕಿದಳು. "ನಿನ್ನ ದಾರ ಬಿಚ್ಚಿಕೊಂಡು ಹೋಗು" ಎಂದಳು. ಚಿನ್ಮಯಿ ಸೊಂಟ ಎತ್ತಿ ಕೊಡುತ್ತ, "ನಂದ ಐತಿ ಅದು, ಒಯ್ಯಬ್ಯಾಡ" ಎಂದು ರಂಪ ಮಾಡಿದಳು. ನಾಲ್ಕೂ ಮಣಿಗಳು ಹಸಿರಾಗಿ ಮಿನುಗಿದವು.

ಬನಶಂಕರಿ ಹೆಬ್ಬೆಟ್ಟು ಒತ್ತಿದಳು.

ಸಂಜೆಯಾಗುವುದರೊಳಗೆ, ಎಂದಾದರೂ ಚಿನ್ಮಯಿಯ ಸೊಂಟ ಏರಿದ್ದ ಓಣಿಯ ಮಕ್ಕಳ ಮಣಿಗಳೆಲ್ಲ ಒಂದೊಂದಾಗಿ ಕೆಂಪಾದವು. ಮರುಪರೀಕ್ಷೆ ಆಗುವವರೆಗೆ ಮಾತ್ರ ಎಂದು ಡಾಕ್ಟರ್ ಮನೆಮನೆಗೆ ಹೋಗಿ ಹೇಳಿದರು. ಹಿಂದಿನ ಸಲವೂ ಹಾಗೇ ಹೇಳಿದ್ದರು ಎಂದು ಹೆಂಗಸರು ಬಾಗಿಲು ಹಾಕಿಕೊಂಡರು. ಆದರೆ ಡಾಕ್ಟರ್ ಊಹಿಸದೆ ಇದ್ದದ್ದು ಬೇರೆ. ಚಿನ್ಮಯಿಯ ದನಿಯನ್ನು ಯಂತ್ರ ಸುಳ್ಳು ದನಿ ಎಂದು ಗುರುತು ಹಾಕಿತ್ತು. ಆ ದನಿ ಎಲ್ಲೇ ಕೇಳಿದರೂ ಅಳಿಸಿಹಾಕುತ್ತಿತ್ತು. ಅವಳ ಸ್ವಂತ ದಾರದಲ್ಲಿಯೂ. ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಬೆಕ್ಕಿಗೆ, ಕಾಗೆಗೆ, ಅಜ್ಜಿಗೆ ಮಾತು ಹೇಳುತ್ತಿದ್ದಳು. ಕಡತದಲ್ಲಿ ಅವಳು ಹುಟ್ಟಿದಂದಿನಿಂದ ಒಂದು ಶಬ್ದವನ್ನೂ ಆಡದ ಮೂಗಿ. ಜಿಲ್ಲೆಯಲ್ಲೇ ಅಷ್ಟು ಕಡುಗೆಂಪು ಇನ್ನೊಂದಿರಲಿಲ್ಲ.

"ಸರಿಮಾಡ್ತೀವಿ. ಸಮಯ ಬೇಕು" ಎಂದರು ಡಾಕ್ಟರ್. ಅವರ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು.

ಕಿವಿಬೀಜ ನೆಟ್ಟು ಪ್ರಭುವನ್ನು ಮನೆಗೆ ಕರೆತಂದಾಗ ಮಗ್ಗಗಳು ನಡೆಯುತ್ತಿದ್ದವು. ಬದುಕಿನಲ್ಲಿ ಮೊದಲ ಸಲ ಅವನು ಓಣಿಯ ಸದ್ದು ಕೇಳಿದ. ಎರಡೂ ಕೈಗಳಿಂದ ತಲೆ ಹಿಡಿದುಕೊಂಡು ಅವ್ವನ ಸೀರೆಯೊಳಗೆ ಹುದುಗಿದ. ಸದ್ದು ಮಾತಾಗಲು ವರ್ಷಗಳು ಬೇಕು, ಪೂರ್ತಿ ಆಗಲಿಕ್ಕಿಲ್ಲ ಎಂದು ಮೊದಲೇ ಹೇಳಿದ್ದರು. ಅಲ್ಲಿಯವರೆಗೆ ಅವನೊಂದಿಗೆ ಎಲ್ಲರೂ ಎದುರು ನಿಂತು, ಮುಖ ಕಾಣುವಂತೆ, ಎಷ್ಟು ಸಾಧ್ಯವೋ ಅಷ್ಟು ಮಾತಾಡಿ ಎಂದೂ ಹೇಳಿದ್ದರು.

ಬನಶಂಕರಿ ಅವನನ್ನು ಇಳಿಸಿ ಕೈ ಹಿಡಿದು ನಡೆದಳು. ಕಟ್ಟೆಯ ಮೇಲೆ ನೂಲು ಸುತ್ತುತ್ತ ಕುಳಿತಿದ್ದ ಹೆಂಗಸರು ದೂರದಿಂದಲೇ ಕಂಡರು. ಅವರ ತುಟಿಗಳು ನಿಂತವು, ಕೈಗಳು ನೂಲಿಗೆ ಮರಳಿದವು. ಅವಳು ಹತ್ತಿರ ಬಂದಂತೆ ಒಬ್ಬೊಬ್ಬರೇ ಗೋಡೆಯ ಕಡೆಗೆ ತಿರುಗಿ ಕುಳಿತರು. ಈ ಓಣಿಯಲ್ಲಿ ಮಾತು ಬಿಡುವುದೆಂದರೆ ಮುಖ ತಿರುಗಿಸುವುದು. ಅವರು ಮಾತು ಬಿಟ್ಟದ್ದು ತಾಯಿಯ ಜೊತೆ. ಆದರೆ ಬೆನ್ನುಗಳು ಇಬ್ಬರಿಗೂ ಒಂದೇ ಆಗಿದ್ದವು.

ಪ್ರಭು ಕೈ ಬಿಡಿಸಿಕೊಂಡು ಓಡಿ, ಕಟ್ಟೆಯ ತುದಿಯಲ್ಲಿ ಕುಳಿತಿದ್ದ ಕಸ್ತೂರವ್ವನ ಮುಂದೆ ನಿಂತ. ತಲೆಯ ಪಟ್ಟಿಯನ್ನು ಮುಟ್ಟಿ ತೋರಿಸಿ, ಬೆರಳುಗಳಲ್ಲಿ ಆಸ್ಪತ್ರೆಯ ಕಥೆಯನ್ನೆಲ್ಲ ಹೇಳತೊಡಗಿದ. ಅವಳು ಇನ್ನೊಂದು ಕಡೆಗೆ ತಿರುಗಿದಳು. ಅವನು ಆ ಕಡೆಗೆ ಹೋಗಿ ಮೊದಲಿನಿಂದ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡಳು.

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಅವಳ ಮುಚ್ಚಿದ ರೆಪ್ಪೆಯನ್ನು ತನ್ನ ಪುಟ್ಟ ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಎತ್ತಲು ನೋಡಿದ.