ಹಿನ್ರಿಷ್‌ನ ಗುರುತಿನ ಪುಸ್ತಕ

"ಅದನ್ನ ಎದೆ ಹತ್ರ ಇಟ್ಕೋಬೇಡಿ. ಹೊಲಿಗೆ ಬಿಚ್ಲೂಬೇಡಿ. ನನ್ ಮಗಳು ತಿಳೀದೆ ಮಾರ್ಬಿಟ್ಟಿದಾಳೆ, ವಾಪಸ್ ಕೊಟ್ಬಿಡಿ ತಾಯಿ," ಎಂದು ಮುದುಕಿ ಮೇಟಾ ಅಂಗಲಾಚಿದಾಗ ಬಿರ್ಟೆ ಕಿಸಕ್ಕನೆ ನಕ್ಕಳು.

ಮೇಜಿನ ಮೇಲಿದ್ದದ್ದು ಮೇಟಾಳ ತೀರಿಹೋದ ಗಂಡ ಹಿನ್ರಿಷ್‌ನ ಸೈನ್ಯದ ಗುರುತಿನ ಪುಸ್ತಕ. ಬೆವರಿಗೆ ಕಪ್ಪಿಟ್ಟ ಕಂದು ರಟ್ಟು. ಒಳಗೆ ಹದ್ದಿನ ಮುದ್ರೆ ಬಿದ್ದ ಫೋಟೊ, ಬೂಟಿನ ಅಳತೆ, ಹೆಂಡತಿಯ ಹೆಸರು.

"ನಲವತ್ಮೂರ್ರಲ್ಲಿ ರಜೆಗೆ ಬಂದಾಗ ಆ ರಟ್ಟಿನೊಳಗೆ ನನ್ ಏಳು ಕೂದ್ಲಿಟ್ಟು ಹೊಲ್ದೆ. ಬೇರೆ ಹೆಣ್ಣಿನ ಮುಖ ಅವನ ಕಣ್ಣಿಗೆ ಬೀಳ್ಬಾರ್ದು ಅಂತ ಮಂತ್ರ ಹಾಕ್ಸಿದ್ದೆ. ಯುದ್ಧ ಮುಗಿದು ಬಂದ. ಹೆತ್ತ ಮಗಳ ಮುಖ ಅವನಿಗೆ ಕಾಣ್ಲಿಲ್ಲ, ಕೂಗಿದ್ರೆ ಕೇಳ್ಲಿಲ್ಲ. ಸಾಯೋವರೆಗೂ."

"ಹ್ಯಾಂಬರ್ಗಿನಲ್ಲಿ ಇದಕ್ಕೆ ಕನ್ನಡಕ ಕೊಡ್ತಾರೆ ಅಜ್ಜಿ," ಎಂದಳು ಬಿರ್ಟೆ.

ಮದುವೆಯಾಗಿ ಹ್ಯಾಂಬರ್ಗಿನಿಂದ ಈ ಕುರುಚಲು ಬಯಲಿನ ಹಳ್ಳಿಗೆ ಬಂದು ಅವಳಿಗೆ ಐದು ತಿಂಗಳು. ಗಂಡ ಹಾರ್ಮ್‌ಗೆ ಯುದ್ಧಕಾಲದ ಕಾಗದಪತ್ರಗಳ ಹುಚ್ಚು; ಈ ಪುಸ್ತಕ ಕೊಂಡವನೂ ಅವನೇ. ಹಳೇ ಕೈಬರಹ ಓದಿಕೊಡಲು ವಸ್ತುಸಂಗ್ರಹಾಲಯದ ಗೇಜಾ ಪ್ರತಿ ಶನಿವಾರ ಬರುತ್ತಿದ್ದಳು. ಒಂದೇ ಭೂತಕನ್ನಡಿಯ ಮೇಲೆ ಎರಡು ತಲೆಗಳು ಬಾಗಿದಾಗಲೆಲ್ಲ ಬಿರ್ಟೆ ಕಾಫಿ ಲೋಟವನ್ನು ಮೇಜಿಗೆ ಕುಕ್ಕುತ್ತಿದ್ದಳು.

ಮುದುಕಿ ಹೋದ ಮೇಲೆ, ನಂಬದಿದ್ದರೂ, ಅವಳು ಸೂಜಿ ಹುಡುಕಿದಳು. ರಟ್ಟಿನ ಒಳಪದರ ಬಿಚ್ಚಿದಳು. ಹೊಂಬಣ್ಣದ ಏಳು ಎಳೆಗಳು. ಕಿತ್ತರೆ ಬರಲಿಲ್ಲ, ರಟ್ಟಿಗೇ ಬೇರು ಬಿಟ್ಟಂತಿದ್ದವು. ಪಕ್ಕದಲ್ಲಿ ತನ್ನ ಏಳು ಕೂದಲಿಟ್ಟು ಹೊಲಿದಳು. ಕೂದಲು ಸುಟ್ಟ ವಾಸನೆ ಬಂತು. ಒಲೆ ಆರಿತ್ತು. ಪುಸ್ತಕವನ್ನು ಹಾರ್ಮ್‌ನ ಕೋಟಿನ ಒಳಜೇಬಿಗೆ ಸೇರಿಸಿದಳು.

ಶನಿವಾರ ಗೇಜಾ ಬಂದಳು. ಹಾರ್ಮ್ ತಲೆಯೆತ್ತಲಿಲ್ಲ. "ಇದೇನೋ ಹೊಸ ಆಟ?" ಎಂದಳು ಗೇಜಾ. ಅವನ ದೃಷ್ಟಿ ಅವಳನ್ನು ಹಾದು ಗೋಡೆಗೆ ನೆಟ್ಟಿತ್ತು. ಗೇಜಾ ಬೆದರಿ ಹೊರಟುಹೋದಳು. ಬಿರ್ಟೆ ಬಾಯಿಗೆ ಕೈಯಿಟ್ಟು ನಕ್ಕಳು.

ಭಾನುವಾರ ಅವನ ತಾಯಿ ಪ್ಲಮ್ ಕೇಕ್ ತಂದು ಎದುರಿಗೆ ಕೂತರು. ಅವನಿಗೆ ತಟ್ಟೆಯಷ್ಟೇ ಕಂಡಿತು. ಬಿರ್ಟೆಗೆ ನಗು ಬರಲಿಲ್ಲ.

ಸೋಮವಾರ ಬೆಳಗ್ಗೆ ಕಾಫಿ ಮುಂದಿಟ್ಟಳು. "ಬಿರ್ಟೆ, ಎಲ್ಲಿ ಹೋದ್ಯೇ?" ಎಂದು ಅವನು ಖಾಲಿ ಕೋಣೆಯನ್ನು ಕೂಗಿದ. ಅವಳು ಅವನ ಮೂಗಿನ ಮುಂದೆಯೇ ಇದ್ದಳು. ಚೀರಿದಳು. ಅವನು ತೊಟ್ಟಿದ್ದ ಕೋಟಿನ ಒಳಜೇಬಿಗೆ ಕೈ ಹಾಕಿದಳು. ರಟ್ಟು ಬಿಸಿ. ಎಳೆದಳು. ಬರಲಿಲ್ಲ. ಕೂದಲು ಅಂಗಿಯನ್ನು ಹೊಕ್ಕಿತ್ತು. ಅಂಗಿಯಡಿ ಚರ್ಮವನ್ನು ಹೊಕ್ಕಿತ್ತು.

ಓಡಿದಳು. ಮೇಟಾಳನ್ನು ಎಳೆದು ತಂದಳು. "ಬಿಡ್ಸಿ ಅಜ್ಜಿ, ನಿಮ್ಮ ದಮ್ಮಯ್ಯ!"

"ಮೊದ್ಲು ಕಟ್ಟಿದ್ದು ನನ್ ಕೂದ್ಲು ಕಣೇ. ನಿಂದನ್ನ ಅದು ಸೇರ್ಸಲ್ಲ," ಎನ್ನುತ್ತ ಮುದುಕಿ ಬಾಗಿಲಲ್ಲೇ ನಿಂತಳು.

ಹಾರ್ಮ್ ತಿರುಗಿದ. ಅವನ ಕಣ್ಣು ಕೊನೆಗೂ ಒಂದು ಮುಖದ ಮೇಲೆ ನಿಂತಿತು. ಸುಕ್ಕುಗಟ್ಟಿದ, ಹಲ್ಲುದುರಿದ ಮುಖ.

"ಬಂದ್ಯಾ?" ಎಂದ ಮೆಲ್ಲಗೆ. "ಎಷ್ಟು ಹೊತ್ತು ಕಾಯೋದು ನಿನ್ನ?"

ಮೇಟಾ ಹಿಂದೆ ಸರಿದಳು. "ನಾನಲ್ಲ ಮಗಾ, ನಿನ್ ಹೆಂಡ್ತಿ ಇಲ್ಲೇ..." ಅನ್ನುತ್ತ ಅವನ ಕಣ್ಣುಗಳನ್ನು ನೋಡಿದಳು. ಹಾಗೆ ಅವಳನ್ನು ಯಾರಾದರೂ ನೋಡಿ ಎಷ್ಟೋ ವರ್ಷಗಳಾಗಿದ್ದವು. ತಲೆವಸ್ತ್ರ ಸರಿಪಡಿಸಿಕೊಂಡಳು. ಬಿರ್ಟೆಯ ಕಡೆ ನೋಡದೆ ಕೈ ಚಾಚಿದಳು.

"ಬಾ ಹಾರ್ಮ್, ಮನೆಗೆ ಹೋಗೋಣ."