ಹೆಬ್ಬೂರು ದಾಟಿ ನಿಂತ ಕಾರು

ತುಮಕೂರು ಮಂಡಿಪೇಟೆಯ ಕೊಬ್ಬರಿ ವ್ಯಾಪಾರಿ ಮಹಾಲಿಂಗಯ್ಯನ ಹಳೆಯ ಅಂಬಾಸಡರ್ ಕಾರು ಎಂಟು ವರ್ಷ ಅಡವಿಯಪ್ಪನ ಕೈಯಲ್ಲೇ ರಿಪೇರಿಯಾಗುತ್ತಿತ್ತು. ಬಟವಾಡಿಯಲ್ಲಿ ಅವನ ಗ್ಯಾರೇಜಿನ ಎದುರಿಗೇ ಆಂಜನಪ್ಪ ಎಂಬ ಹೊಸ ಮೆಕ್ಯಾನಿಕ್ ಬಂದು ಅಂಗಡಿ ತೆರೆದದ್ದು ಎಪ್ಪತ್ತೆಂಟರಲ್ಲಿ. ಅಡವಿಯಪ್ಪ ಮೂಗು ಮುರಿದ. ಅಷ್ಟರಲ್ಲಿ ಮಹಾಲಿಂಗಯ್ಯನ ಕಾರು ಮಿಸ್ಸಿಂಗ್ ಹೊಡೆಯತೊಡಗಿತು. ಅಡವಿಯಪ್ಪ ಕಾರ್ಬೊರೇಟರ್ ಬಿಚ್ಚಿ ತೊಳೆದ, ಪ್ಲಗ್ ಬದಲಿಸಿದ, ಮತ್ತೆ ಕಾರ್ಬೊರೇಟರ್ ಬಿಚ್ಚಿದ. ಎಂಜಿನ್ ಕೆಮ್ಮುತ್ತಲೇ ಇತ್ತು. ಬೇಸತ್ತ ಮಹಾಲಿಂಗಯ್ಯ ಕಾರನ್ನು ಎದುರಂಗಡಿಗೆ ಒಯ್ದ. ಆಂಜನಪ್ಪನೋ, ಪ್ಲಗ್ ತೆಗೆದ ತೂತಿಗೆ ಹೆಬ್ಬೆರಳು ಒತ್ತಿ, ಎಂಜಿನ್ ತಿರುಗಿಸಿ, "ಇಲ್ಲಿ ಗಾಳಿ ಒತ್ತಡಾನೇ ಇಲ್ಲ, ವಾಲ್ವ್ ಸುಟ್ಟೋಗೈತೆ" ಅಂದುಬಿಟ್ಟ. ಎಂಜಿನ್ನಿನ ಹೆಡ್ ಬಿಚ್ಚಿ ನೋಡಿದರೆ ವಾಲ್ವ್ ಸುಟ್ಟೇ ಹೋಗಿತ್ತು.

ಆಮೇಲೆ ಮಂಡಿಪೇಟೆಯಲ್ಲೆಲ್ಲ ಆಂಜನಪ್ಪನದೇ ಮಾತು. ಅದನ್ನಾದರೂ ಅಡವಿಯಪ್ಪ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಸ್ವಂತ ಹೆಂಡತಿ ಕರಿಬಸಮ್ಮ ಸಾರು ಬಡಿಸುತ್ತ, "ಆಂಜನಪ್ಪನ ಕೈಗುಣ ಬಾಳ ಚೆನ್ನಾಗೈತಂತೆ ಕಣ್ರೀ" ಎಂದಾಗ ಅರ್ಧ ಮುದ್ದೆಗೇ ಕೈ ತೊಳೆದು ಎದ್ದ. ತನ್ನ ಮನೆಯಲ್ಲಿ, ತನ್ನ ತಟ್ಟೆಯ ಮುಂದೆ ಆ ಹೆಸರು! ಸಾಲದ್ದಕ್ಕೆ ಮಹಾಲಿಂಗಯ್ಯ ಇನ್ನೆರಡು ಕಾರು ಕೊಂಡು ಟ್ಯಾಕ್ಸಿ ಬಿಡುವ ಯೋಚನೆಯಲ್ಲಿದ್ದ. ಅವೂ ಎದುರಂಗಡಿಗೆ ಹೋದರೆ ಅಡವಿಯಪ್ಪ ಬಾಗಿಲು ಮುಚ್ಚಬೇಕಾದದ್ದೇ.

ಉಪಾಯ ಹೊಳೆದದ್ದು ಹಳೆ ಸಾಮಾನಿನ ಡಬ್ಬ ಕೆದಕುವಾಗ. ಎಂಜಿನ್ನಿಗೆ ಕಿಡಿ ಹೊತ್ತಿಸಲು ಬೇಕಾದ, ಬೆರಳ ತುದಿಯಷ್ಟು ಗಾತ್ರದ ಒಂದು ಕಂಡೆನ್ಸರ್ ಕೈಗೆ ಸಿಕ್ಕಿತು. ಎಂದೋ ಯಾವುದೋ ಕಾರಿನಿಂದ ಕಿತ್ತು ಎಸೆದದ್ದು. ಅದರ ಕಾಯಿಲೆ ವಿಚಿತ್ರ. ಎಂಜಿನ್ ತಣ್ಣಗಿರುವಾಗ ಏನೂ ತೊಂದರೆಯಿಲ್ಲ, ಚೆನ್ನಾಗಿ ಕಾದ ಮೇಲೆ ಕಿಡಿ ಸತ್ತು ಗಾಡಿ ನಿಂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಭಾನುವಾರ ಮಹಾಲಿಂಗಯ್ಯ ನೆಂಟರ ಮನೆಯ ನಿಶ್ಚಿತಾರ್ಥಕ್ಕೆಂದು ಹೆಂಡತಿ ಗಂಗಾಂಬಿಕೆಯೊಡನೆ ಕುಣಿಗಲ್ಲಿಗೆ ಹೊರಡುವವನಿದ್ದ. ಕಾರು ನಡುದಾರಿಯಲ್ಲಿ ನಿಲ್ಲಬೇಕು. ರೇಷ್ಮೆ ಸೀರೆಯ ಗಂಗಾಂಬಿಕೆ ಆಂಜನಪ್ಪನಿಗೆ ಹಿಡಿಶಾಪ ಹಾಕಬೇಕು. ಆಗ ತಾನು ದೇವರು ಕಳಿಸಿದ ಹಾಗೆ ಬರಬೇಕು.

ಶನಿವಾರ ಮಧ್ಯಾಹ್ನ ಮಹಾಲಿಂಗಯ್ಯ ಉಂಡು ಮಂಡಿಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ, ಹಿಂದೆ ನಿಲ್ಲಿಸಿದ್ದ ಕಾರಿನಲ್ಲಿ ಅಡವಿಯಪ್ಪ ಕೆಲಸ ಮುಗಿಸಿದ. ನೋಡಿದವರಿದ್ದರೂ ಕೇಳುವವರಿರಲಿಲ್ಲ. ಎಂಟು ವರ್ಷ ಅದೇ ಬಾನೆಟ್ಟಿನೊಳಗೆ ತಲೆ ಹಾಕಿದವನು ತಾನೇ? ಕಳಚಿದ ಒಳ್ಳೆಯ ಕಂಡೆನ್ಸರನ್ನು ಅಂಗಿಯ ಜೇಬಿಗೆ ಇಳಿಸಿದ.

ಮರುದಿನ ಬೆಳಿಗ್ಗೆ ಗೂಳೂರಿನಲ್ಲಿ ಕಾಫಿ ಕುಡಿಯುತ್ತ ಕಾದ. ಕಾರು ಮುಂದೆ ಹೋಯಿತು. ಅವಸರಪಡಲಿಲ್ಲ; ಇನ್ನೊಂದು ಕಾಫಿ ಕುಡಿದು, ಬೀಡಿ ಹಚ್ಚಿ, ಆಮೇಲೆ ಸ್ಕೂಟರ್ ಒದ್ದ. ಹೆಬ್ಬೂರು ದಾಟಿದ್ದೇ ತಡ, ಆಹಾ! ರಸ್ತೆ ಬದಿಗೆ ಅಂಬಾಸಡರ್ ನಿಂತಿದೆ, ಬಾನೆಟ್ ಮೇಲೆದ್ದಿದೆ, ಪಕ್ಕದಲ್ಲಿ ಮಹಾಲಿಂಗಯ್ಯ ಒಬ್ಬನೇ ಪಿಳಿಪಿಳಿ ನೋಡುತ್ತಿದ್ದಾನೆ. ಅಡವಿಯಪ್ಪನಿಗೆ ಕುಣಿದಾಡುವಷ್ಟು ಖುಷಿಯಾಯಿತು.

"ಏನಪ್ಪಾ ಅಡವಿಯಪ್ಪ, ನೀನಿಲ್ಲಿ?"

"ಕುಣಿಗಲ್ ಕಡೆ ಹೊಂಟಿದ್ದೆ ಸಾವ್ಕಾರ್ರೇ. ನೀವೇನೂ ಹೇಳ್ಬೇಡಿ, ಆ ಕಡೆ ನಿಂತ್ಕಳಿ."

"ಅಲ್ಲ ಕಣಪ್ಪಾ, ಗಾಡಿ..."

"ನಾನಿದೀನಲ್ಲ, ಬುಡಿ!"

ಅವನ ಬೆರಳುಗಳು ಸಲೀಸಾಗಿ ಓಡಾಡಿದವು. ಮುಚ್ಚಳ ಬಿಚ್ಚಿ, ಕಂಡೆನ್ಸರ್ ಕಿತ್ತು, ಮಹಾಲಿಂಗಯ್ಯನ ಮೂಗಿನ ಮುಂದೆ ಹಿಡಿದ. "ನೋಡಿ, ಸತ್ತೋಗೈತೆ. ಬಿಸಿ ಆದೇಟ್ಗೆ ಗಾಡಿ ನಿಂತೋಯ್ತದೆ. ಇದನ್ನೂ ನೋಡ್ದೆ ಗಾಡಿ ಕಳಿಸವ್ನಲ್ಲ ಆಂಜನಪ್ಪ, ಅವ್ನೆಂಥಾ ಮೆಕ್ಯಾನಿಕ್ಕು?" ಜೇಬಿನದನ್ನು ತೆಗೆದು ಕೂರಿಸಿ, ತಾನೇ ಚಾವಿ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಎಂಟು ವರ್ಷದ ಮರ್ಯಾದೆ ಒಂದೇ ಗಳಿಗೆಯಲ್ಲಿ ವಾಪಸ್ಸು ಬಂತು ಎಂದುಕೊಂಡ.

ಅಷ್ಟರಲ್ಲಿ ಗಂಗಾಂಬಿಕೆ ಪಕ್ಕದ ಹೊಲದಿಂದ ಮಡಿಲ ತುಂಬ ಅವರೆಕಾಯಿ ತುಂಬಿಕೊಂಡು ಬಂದಳು. "ಇದ್ಯಾಕ್ರೀ ಗಾಡಿ ಬಿಚ್ಚವ್ರೆ? ಏನಾಯ್ತು?" ಎಂದಳು. "ಏನೂ ಆಗಿಲ್ಲ ಕಣೇ. ನೀನು ಅವರೆಕಾಯಿ ಬೇಕು ಅಂದೆ, ನಿಲ್ಲಿಸ್ದೆ. ಹೆಂಗೂ ನಿಂತಿದೀನಲ್ಲ ಅಂತ ರೇಡಿಯೇಟರಿಗೆ ನೀರು ಹಾಕ್ತಿದ್ದೆ" ಎಂದ ಮಹಾಲಿಂಗಯ್ಯ ನಿಧಾನವಾಗಿ ಅಡವಿಯಪ್ಪನ ಕಡೆ ತಿರುಗಿದ. "ತುಮಕೂರಿಂದ ಇಲ್ಲೀಗಂಟ ಒಂದ್ಸಲಾನೂ ಕೆಮ್ಮಿಲ್ಲ ಈ ಗಾಡಿ. ಇದ್ರೊಳಗೆ ಕೆಟ್ಟ ಕಂಡೆನ್ಸರ್ ಐತೆ ಅಂತ ನಿಂಗೆ ಯಾರಪ್ಪಾ ಹೇಳಿದ್ರು?"